ನಾಲ್ಕು ಬೆರಳಿನ ಪಟ್ಟಿ

ನಮ್ಮ ಊರು ವರ್ಷಕ್ಕೆ ನಾಲ್ಕು ಬೆರಳು ಅಗಲವಾಗುತ್ತದೆ. ಶ್ರಾವಣ ಕಳೆದ ಮೇಲೆ ಒಂದು ಬೆಳಗ್ಗೆ, ಸ್ನಾನದ ನೀರು ಕಾಯುವ ಹೊತ್ತಿಗೆ, ಮನೆಯ ಪಾತ್ರೆಗಳೆಲ್ಲ ಒಮ್ಮೆ ಸಣ್ಣಗೆ ನಡುಗಿ ಸುಮ್ಮನಾಗುತ್ತವೆ. ಅಷ್ಟೇ. ಆ ದಿನಕ್ಕೆ ಹಿಗ್ಗು ಎಂದು ಹೆಸರು. ಬಟ್ಟೆ ಒಣಹಾಕುವ ತಂತಿಯನ್ನು ಮೊದಲೇ ಸಡಿಲ ಬಿಟ್ಟಿರುತ್ತೇವೆ. ಬೀದಿಯ ಆಚೆ ಈಚೆ ಕಟ್ಟೆಗಳ ಮೇಲೆ ಕೂತು ಮಾತಾಡುವ ಮುದುಕಿಯರು ಆವತ್ತಿನಿಂದ ಒಂದಿಷ್ಟು ಗಟ್ಟಿಯಾಗಿ ಮಾತಾಡುತ್ತಾರೆ. ಮಠದಿಂದ ಬಾವಿಗೆ ನನ್ನ ಅಜ್ಜಿಯ ಕಾಲದಲ್ಲಿ ಎಂಬತ್ತು ಹೆಜ್ಜೆ ಇತ್ತಂತೆ. ಈಗ ನನ್ನ ಹೆಜ್ಜೆಯಲ್ಲಿ ನೂರಾ ಹನ್ನೆರಡು. ಊರು ಬೆಳೆದದ್ದಕ್ಕೆ ಎಷ್ಟು, ನನ್ನ ಕಾಲು ಸೋತದ್ದಕ್ಕೆ ಎಷ್ಟು ಎಂದು ಯಾರಾದರೂ ಕೇಳಿದರೆ ಲೆಕ್ಕ ಹೇಳಲಾರೆ.

ಊರು ಹಿಗ್ಗುವುದು ಒಂದೇ ಗೆರೆಯಲ್ಲಿ. ಆ ಗೆರೆ ನಮ್ಮ ಓಣಿಯ ಮೂವತ್ತಾರು ಮನೆಗಳ ಒಳಗೇ, ಒಂದೊಂದರ ನಟ್ಟನಡುವೆ ಹಾದು ಹೋಗುತ್ತದೆ. ಈ ಮನೆಗಳ ಸೂರು ತಗಡಿನದು, ಒಂದು ತಗಡು ಇನ್ನೊಂದರ ಮೇಲೆ ಧಾರಾಳವಾಗಿ ಹೊದ್ದುಕೊಂಡಿರುವುದರಿಂದ ಅದು ತಾನೇ ಜಾರಿಕೊಳ್ಳುತ್ತದೆ. ಗೋಡೆಯ ಸಂದಿಗೆ ಹಲಗೆ ಬಡಿದರೆ ಸಾಕು. ಕಷ್ಟವೆಲ್ಲ ನೆಲದ್ದು. ಕಾಂಕ್ರೀಟು ಹಾಸು ಗೋಡೆಯಿಂದ ಗೋಡೆಯವರೆಗೆ ನಾಲ್ಕು ಬೆರಳು ಬಾಯಿ ಬಿಡುತ್ತದೆ. ಹತ್ತು ದಿನದೊಳಗೆ, ಹತ್ತನೆಯ ದಿನ ಹೊತ್ತು ಮುಳುಗುವ ಮೊದಲು, ಅದನ್ನು ಮುಚ್ಚಬೇಕು. ಗೆರೆಯ ಈ ಕಡೆಯವರೊಬ್ಬರು, ಆ ಕಡೆಯವರೊಬ್ಬರು ಎದುರುಬದುರು ಕೂತು ಮುಚ್ಚಬೇಕು. ಮೂವತ್ತನೆಯ ದಿನ ಊರಿನ ಬೆಸುಗೆ ನೋಡುವ ಹುಸೇನಸಾಬರು ಸನ್ನೆಕೋಲು, ಸರಪಳಿ, ತೂಕದ ಕಲ್ಲು ತಂದು ಎಳೆದು ನೋಡುತ್ತಾರೆ. ಹೊಸ ಗಾರೆ ಹಳೆಯ ಹಾಸಿನಿಂದ ಕಳಚಿ ಬಂದರೆ ಆ ಮನೆ ಅವತ್ತಿನಿಂದ ಎರಡು. ಗೆರೆಯ ಮೇಲೆ ಗೋಡೆ ಏಳುತ್ತದೆ, ಒಲೆ ಬೇರೆಯಾಗುತ್ತದೆ, ಒಂದು ಕಡೆಯವರು ಇನ್ನೊಂದು ಕಡೆಗೆ ಅಪ್ಪಣೆ ಕೇಳಿ ಬರಬೇಕಾಗುತ್ತದೆ. ಜಗಳವಾಡಿದ ಅಣ್ಣತಮ್ಮಂದಿರು ಬೇಕೆಂದೇ ಗಾರೆಗೆ ಮಣ್ಣು ಬೆರೆಸಿದ್ದನ್ನು ನಾನು ಕಂಡಿದ್ದೇನೆ. ಅಂಥ ಮನೆಗಳನ್ನು ನಾವು ಸೀಳುಮನೆ ಎನ್ನುತ್ತೇವೆ.

ನಮ್ಮ ಮನೆ ಸೀಳುಮನೆ ಆಗಿರಲಿಲ್ಲ. ನಾನು ಪಡುವಣ ಕಡೆಯವನು, ನನ್ನ ತಮ್ಮ ಮುರಿಗೆಪ್ಪ ಮೂಡಣ ಕಡೆಯವನು. ಇಬ್ಬರೂ ಗಾರೆ ಕೆಲಸದ ಗೌಂಡಿಗಳು. ಇಪ್ಪತ್ತರ ಹರೆಯದಲ್ಲಿ ಇಬ್ಬರೇ ಸೇರಿ ಈ ಹಾಸು ಹಾಕಿದೆವು. ನನ್ನ ಹೆಂಡತಿ ಚೊಚ್ಚಲ ಹೆರಿಗೆಯಲ್ಲಿ ಕೂಸಿನೊಡನೆ ಶಿವನ ಪಾದ ಸೇರಿದಳು. ನಾನು ಮತ್ತೆ ಮದುವೆಯಾಗಲಿಲ್ಲ. ಮುರಿಗೆಪ್ಪನ ಹೆಂಡತಿ ಸಾವಂತ್ರವ್ವ ಹಚ್ಚಿದ ಒಲೆಯಲ್ಲೇ ಮೂವತ್ತೊಂದು ವರ್ಷ ನನ್ನ ರೊಟ್ಟಿಯೂ ಬೆಂದಿತು.

ಆ ಮೂವತ್ತೊಂದು ವರ್ಷವೂ ನಮ್ಮ ನೆಲದ ಮೇಲೆ ಇದೆ. ಒಂದೊಂದು ವರ್ಷಕ್ಕೆ ನಾಲ್ಕು ಬೆರಳಿನ ಒಂದು ಪಟ್ಟಿ. ಒಂದು ವರ್ಷದ ಮರಳು ಕೆಂಪಾಗಿತ್ತು, ಆ ಪಟ್ಟಿಗೆ ಕೆಂಪು ಛಾಯೆ. ಒಂದು ಪಟ್ಟಿಯಲ್ಲಿ ಹಸಿಯಿದ್ದಾಗ ನಡೆದು ಹೋದ ಬೆಕ್ಕಿನ ನಾಲ್ಕು ಹೆಜ್ಜೆ. ಮೊದಲ ಎಂಟು ಪಟ್ಟಿಗಳು ಮಾತ್ರ ಒರಟು, ಅಲ್ಲಲ್ಲಿ ತೇಪೆ. ಅವು ನನ್ನ ಕೈಯ ಬರಿ ಸಿಮೆಂಟಿನವು, ಪ್ರತಿ ಬೇಸಿಗೆಗೆ ಅಂಚಿನಲ್ಲಿ ಬಿಟ್ಟುಕೊಂಡು ಎರಡೆರಡು ಸಲ ತುಂಬಿಸಿಕೊಂಡವು. ಒಂಬತ್ತನೆಯದರಿಂದ ಮುರಿಗೆಪ್ಪನ ಹಾಲುಗಾರೆ.

ಅವನು ಒಂದು ವರ್ಷ ದೂರದ ಸೇತುವೆ ಕೆಲಸಕ್ಕೆ ಹೋಗಿ ಅಲ್ಲಿಂದ ಒಂದು ಡಬ್ಬಿ ಹೊತ್ತು ತಂದಿದ್ದ. ಒಳಗೆ ಹಾಲಿನಷ್ಟು ಬೆಳ್ಳಗಿನ ನೀರು, ಹೊಸ ಚಪ್ಪಲಿಯ ವಾಸನೆ. ಸಿಮೆಂಟು ಮರಳು ಕಲಸುವಾಗ ನೀರಿನ ಜೊತೆ ಇದನ್ನೂ ಸುರಿಯಬೇಕು ಎಂದ. ನಾನು ನಕ್ಕೆ.

“ಸಿಮಿಟಿಗೆ ಹಾಲು ಕುಡಸ್ತೀಯೇನೋ? ನಾಳೆ ತೊಟ್ಲನೂ ಕಟ್ಟು.”

“ಕಟ್ಟೂಣಂತ. ಮೊದಲ ನೋಡಣ್ಣ,” ಎಂದು ಅವನು ಅಂಗಳದಲ್ಲಿ ಎರಡು ಪಟ್ಟಿ ಎರೆದ. ಒಂದು ನನ್ನ ಗಾರೆಯದು, ಇನ್ನೊಂದು ಅವನದು, ಎರಡೂ ಒಂದೇ ಉದ್ದ, ಒಂದೇ ದಪ್ಪ. ತಿಂಗಳಾದ ಮೇಲೆ ಎರಡು ಕಲ್ಲಿನ ನಡುವೆ ಸೇತುವೆಯಂತೆ ಇಟ್ಟು ನಟ್ಟನಡುವೆ ಇಟ್ಟಂಗಿ ಪೇರಿಸಿದ. ನನ್ನದು ಆರನೆಯ ಇಟ್ಟಂಗಿಗೆ ಟಕ್ಕೆಂದು ಎರಡಾಯಿತು. ಅವನದು ಹನ್ನೊಂದು ಹೊತ್ತಿತು.

“ನಿನ್ನ ಗಾರಿ ಕಮ್ಮಿ ಏನಲ್ಲ,” ಎಂದು ಅವನು ನನ್ನ ಮುಖ ನೋಡಿ ಹೇಳಿದ. “ಮ್ಯಾಲಿಂದ ಒತ್ತಿದ್ರ ಎರಡೂ ಸರಿಸಮ ತಡಿತಾವು. ಬಗ್ಗಿಸಿದ್ರ, ಎಳದ್ರ ನಿಂದು ಬಿಡ್ತದ. ನಮ್ಮೂರು ಒತ್ತೂದಿಲ್ಲಲ್ಲಣ್ಣ, ಎಳಿತದ.”

ಆಮೇಲೆ ಇಪ್ಪತ್ತಮೂರು ವರ್ಷ ಹಿಗ್ಗಿನ ದಿನ ನಮ್ಮ ನೆಲ ಹಳೆಯ ಪಟ್ಟಿಯಲ್ಲಿ ಒಮ್ಮೆಯೂ ಬಿಡಲಿಲ್ಲ, ಅದರ ಪಕ್ಕದಲ್ಲೇ ಬಿಡುತ್ತ ಬಂತು. ನಾನು ಎದುರಿಗೆ ಕೂತು ಅವನು ಹೇಳಿದಷ್ಟು ಮಾಡಿದೆ. ಅಣ್ಣನಾದವನು ತಮ್ಮನ ಹತ್ತಿರ ಅಳತೆ ಕೇಳುವುದೇ ಎಂಬ ಬಿಂಕ ನನಗೆ. ಅದಕ್ಕೇ ಕಲಿಯಲಿಲ್ಲ. ಕಲಸಿ ಕೊಡುತ್ತಿದ್ದವಳು ಸಾವಂತ್ರವ್ವ.

ಈ ಆಷಾಢದಲ್ಲಿ ಮುರಿಗೆಪ್ಪ ಮೂರು ದಿನದ ಜ್ವರದಲ್ಲಿ ತೀರಿಕೊಂಡ. ಎತ್ತಿ ಆಡಿಸಿದ ಕೈಯಿಂದಲೇ ಅವನ ಹಣೆಗೆ ಕೊನೆಯ ವಿಭೂತಿ ಹಚ್ಚಿದೆ. ಶಿವ ಕೊಟ್ಟದ್ದು, ಶಿವ ಕರೆದುಕೊಂಡ; ಅದನ್ನು ನಂಬಿದವನೇ ನಾನು. ಆದರೂ ಊಟಕ್ಕೆ ಕೂತಾಗ ಎದುರಿನ ಗೋಡೆ ಬರಿದಾಗಿ ಕಂಡರೆ ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದೆ.

ಇನ್ನೊಂದು ಕಷ್ಟವೂ ಇತ್ತು. ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡುವುದಿಲ್ಲ. ಮೂವತ್ತೊಂದು ವರ್ಷದಲ್ಲಿ ಸಾವಂತ್ರವ್ವ ನನಗೆ ಹೇಳಬೇಕಾದದ್ದನ್ನೆಲ್ಲ ಗಂಡನಿಗೆ ಹೇಳುತ್ತಿದ್ದಳು, ಅವನು ಪಕ್ಕದಲ್ಲೇ ಕೂತ ನನಗೆ ಮತ್ತೊಮ್ಮೆ ಹೇಳುತ್ತಿದ್ದ. ಅವನು ಹೋದ ಮೇಲೆ ಅವಳು ಒಲೆಗೆ ಹೇಳತೊಡಗಿದಳು. “ಜ್ವಾಳದ ಹಿಟ್ಟು ಮುಗದೈತಿ,” ಎಂದು ಸೆರಗು ಎಳೆದುಕೊಂಡು ಒಲೆಗೆ ಹೇಳುವಳು. ನಾನು ಚೀಲ ತೆಗೆದುಕೊಂಡು ಹೊರಡುವೆ.

ಹಿಗ್ಗು ಬಂತು. ಈ ಸಲ ನೆಲ ಬಿಟ್ಟದ್ದು ಮುರಿಗೆಪ್ಪ ಕಳೆದ ವರ್ಷ ಹಾಕಿದ ಪಟ್ಟಿಗೂ ನನ್ನ ಪಡುವಣ ಹಾಸಿಗೂ ನಡುವೆ. ಸಂದಿಯ ಒಂದು ದಂಡೆ ಅವನ ಕೊನೆಯ ಗಾರೆ, ಇನ್ನೊಂದು ದಂಡೆ ನಾನು ಹಾಕಿದ ಹಾಸು. ಹೊಸ ಗಾರೆ ಕೂರಬೇಕಾದರೆ ಎರಡೂ ದಂಡೆಯ ಮೇಲ್ಭಾಗವನ್ನು ಅರ್ಧ ಗೇಣಿನಷ್ಟು ಅಗಲಕ್ಕೆ, ಎರಡು ಬೆರಳು ಆಳಕ್ಕೆ ಕೆತ್ತಿ ತುಟಿ ಬಿಡಬೇಕು. ಅವನ ಪಟ್ಟಿಗೆ ಉಳಿ ಇಡಲು ನನ್ನ ಕೈ ಬರಲಿಲ್ಲ. ಆರು ದಿನ ಹಾಗೇ ಕಳೆದೆ. ಓಣಿಯ ಬಾಳವ್ವ ಬಾಗಿಲಲ್ಲಿ ಇಣುಕಿ, “ಯಾಕ ಅಡಿವೆಪ್ಪಣ್ಣ, ತಮ್ಮನ ಜೋಡಿ ಮನೀನೂ ಮಣ್ಣು ಮಾಡಾಂವೇನು?” ಎಂದಳು. ಅವಳ ಮನೆ ಸೀಳುಮನೆಯಾಗಿ ನಾಲ್ಕು ವರ್ಷವಾಗಿತ್ತು. ಒಳಗಿನಿಂದ ಸಾವಂತ್ರವ್ವ ಒಲೆಗೆ ಹೇಳಿದ್ದು ನನಗೂ ಕೇಳಿಸಿತು: “ಎರಡಾದ್ರ ಆಗ್ಲಿ. ಕೇಳಿ ಬರಾಕ ಆ ಕಡೆ ನನಗ ಯಾರದಾರ?”

ಆ ಮಾತು ನನ್ನನ್ನು ಎಬ್ಬಿಸಿತು. ತಮ್ಮ ಸತ್ತ ವರ್ಷವೇ ಮನೆ ಎರಡಾದರೆ, ನಾವು ಒಂದಾಗಿದ್ದದ್ದು ಅವನೊಬ್ಬನ ಕೈಯಿಂದ ಎಂದಾಗುತ್ತದೆ. ಗೋಡೆ ಎದ್ದರೆ ಅವನ ಪಟ್ಟಿಗಳೆಲ್ಲ ಆ ಕಡೆ, ನಾನು ಈ ಕಡೆ. ಅವನು ನಡೆದ ನೆಲದ ಮೇಲೆ ಕಾಲಿಡಲು ಸಾಯುವತನಕ ನಾನು ಅಪ್ಪಣೆ ಬೇಡಬೇಕು.

ಏಳನೆಯ ದಿನ ಕೆತ್ತಿದೆ, ಗುಡಿಸಿದೆ, ನೀರು ಹಾಕಿ ನೆನೆಸಿದೆ. ಮಂಚದ ಕೆಳಗೆ ಮುರಿಗೆಪ್ಪ ಬಿಟ್ಟು ಹೋದ ಒಂದೇ ಒಂದು ಡಬ್ಬಿ ಇತ್ತು. ಸಾವಂತ್ರವ್ವ ಸಿಮೆಂಟು ಐದು ಪಾಲು, ಹಾಲು ಒಂದು ಪಾಲು ಹಿಡಿದು ಕಲಸಿದಳು. ಮೊದಲು ಅದರದೇ ತೆಳ್ಳಗಿನ ರಾಡಿಯನ್ನು ಎರಡೂ ದಂಡೆಗೆ ಕುಂಚದಿಂದ ತಿಕ್ಕಬೇಕು. ಅವಳು ಮೂಡಣ ದಂಡೆಗೆ, ನಾನು ಪಡುವಣ ದಂಡೆಗೆ ತಿಕ್ಕಿದೆವು. ಅಷ್ಟರಲ್ಲಿ ಮಠದ ಗಂಟೆಯಾಯಿತು. ಸಂಜೆಯ ಗಂಟೆಯಾದರೆ ನಾನು ಕರಣೆ ಕೆಳಗಿಟ್ಟು ಕೈಕಾಲು ತೊಳೆದು ಲಿಂಗಪೂಜೆಗೆ ಕೂರುವವನು. ನಲವತ್ತು ವರ್ಷ ಅದು ತಪ್ಪಿರಲಿಲ್ಲ. ಮೇಲಾಗಿ ಸುಣ್ಣ ಹೊಡೆಯುವವನ ಬುದ್ಧಿ ನನ್ನದು, ಮೊದಲ ಕೈ ಒಣಗಿದ ಮೇಲೇ ಎರಡನೆಯ ಕೈ.

“ಒಣಗಲಿ,” ಎಂದು ಎದ್ದೆ. “ಪೂಜಿ ಮುಗಿಸಿ ತುಂಬತೀನಿ.”

ಸಾವಂತ್ರವ್ವ ಕುಂಚ ಹಿಡಿದುಕೊಂಡೇ ಒಲೆಯ ಕಡೆ ತಿರುಗಿದಳು. “ಒಣಗಾಕ ಬಿಡತಿದ್ದಿಲ್ಲ ಅವರು,” ಎಂದು ಮೆಲ್ಲಗೆ ಅಂದಳು. ಕೇಳಿಸಿತು. ಒಲೆಗೆ ಹೇಳಿದ ಮಾತಿಗೆ ನಾನೇಕೆ ಉತ್ತರ ಕೊಡಲಿ ಎಂದುಕೊಂಡು ಒಳಗೆ ಹೋದೆ. ಪೂಜೆ ಮುಗಿಸಿ ಬಂದಾಗ ರಾಡಿ ಒಣಗಿ ಹೊಳೆಯುತ್ತಿತ್ತು. ಅದರ ಮೇಲೆ ಗಾರೆ ತುಂಬಿ, ಸಮ ಮಾಡಿ, ಶಿವಾ ಎಂದು ಮಲಗಿದೆ.

ಒಂಬತ್ತನೆಯ ದಿನ ಬೆಳಗ್ಗೆ ಸುತ್ತಿಗೆಯ ಹಿಡಿಯಿಂದ ಪಟ್ಟಿಯನ್ನು ಕುಟ್ಟಿ ನೋಡಿದೆ. ಟಣ್ಣೆನ್ನಬೇಕಾದದ್ದು ಬೊದ್ದೆಂದಿತು. ಉಳಿಯ ತುದಿ ಕೊಟ್ಟು ಮೀಟಿದರೆ, ಕರಟದಿಂದ ಕೊಬ್ಬರಿ ಬಿಟ್ಟ ಹಾಗೆ, ಮೊಳದುದ್ದದ ತುಂಡು ಇಡಿಯಾಗಿ ಎದ್ದು ಬಂತು. ಅಡಿಯಲ್ಲಿ ರಾಡಿ ಮೇಣದಂತೆ ಚರ್ಮ ಕಟ್ಟಿಕೊಂಡಿತ್ತು. ಆ ಚರ್ಮ ಹಳೆಯದಕ್ಕೂ ಹೊಸದಕ್ಕೂ ನಡುವೆ ನಿಂತು ಎರಡನ್ನೂ ಬೇರೆ ಮಾಡಿತ್ತು. ನನ್ನ ಹಾಗೆ ಕೆಲಸ ಕಲಿತವನು ಮಾತ್ರ ಮಾಡಬಹುದಾದ ತಪ್ಪು ಅದು. ಡಬ್ಬಿ ಅಲುಗಿಸಿದೆ. ಇನ್ನೊಂದು ಸಲಕ್ಕೆ ಸಾಲುವಷ್ಟೇ ಇತ್ತು.

ಸಾವಂತ್ರವ್ವ ಬಂದು ಎದುರಿಗೆ ಕೂತಳು. ಗಂಡನ ಸಣ್ಣ ಉಳಿ ತಂದಿದ್ದಳು. ಅವನ ಪಟ್ಟಿಯ ಮೇಲಿನ ಚರ್ಮವನ್ನು ತಾನೇ ಹೆರೆಯತೊಡಗಿದಳು. ನಾನು ನನ್ನ ದಂಡೆಯನ್ನು ಹೆರೆದೆ. ಬೆರಳಿಗೆ ಒರಟು ಸಿಗುವವರೆಗೆ, ಒಳಗಿನ ಜಲ್ಲಿ ಕಾಣುವವರೆಗೆ ಹೆರೆಯಬೇಕು. ಆ ದಿನ ಪೂರ್ತಿ, ಮರುದಿನ ಮಧ್ಯಾಹ್ನದವರೆಗೆ ಅದೇ ಕೆಲಸ. ಆಮೇಲೆ ನೀರು ಕುಡಿಸಿದೆವು. ನಿಂತ ನೀರನ್ನು ಅವಳು ಅರಿವೆಯಿಂದ ಹೀರಿ ತೆಗೆದಳು. ಒದ್ದೆ ಅರಿವೆಯಿಂದ ಒರೆಸಿದ ಪಾಟಿಯಂತೆ ನೆಲ ಕಪ್ಪಗೆ ತಂಪಾಗಿರಬೇಕು, ಹೊಳೆಯಬಾರದು. ಇದನ್ನೂ ಒಲೆಗೇ ಹೇಳಿದಳು. ಈ ಸಲ ನಾನು, “ಆಗ್ಲೆವ್ವ,” ಎಂದು ಒಲೆಯ ಪರವಾಗಿ ಉತ್ತರ ಕೊಟ್ಟೆ.

ಹತ್ತನೆಯ ದಿನ ರಾಡಿ ತಿಕ್ಕುವ ಹೊತ್ತಿಗೆ ಬಿಸಿಲು ಎದುರು ಮನೆಯ ತಗಡನ್ನು ಏರಿತ್ತು. ಕುಂಚ ಇನ್ನೂ ನನ್ನ ಕೈಯಲ್ಲಿತ್ತು, ಮಠದ ಗಂಟೆ ಆಯಿತು. ಮೈ ತಾನಾಗಿ ಎದ್ದಿತು. ಮೊಣಕಾಲು ನೆಲ ಬಿಟ್ಟಿತ್ತು.

“ಕುಂದರ್ರಿ ಭಾವಾರ.”

ಒಲೆಗೆ ಹೇಳಿದ ಮಾತಲ್ಲ. ಸಾವಂತ್ರವ್ವ ನನ್ನ ಮುಖ ನೋಡಿ ಹೇಳಿದಳು. ಸೆರಗು ಹೆಗಲಿಗೆ ಜಾರಿತ್ತು, ಎರಡೂ ಕೈಗೆ ಗಾರೆ, ಎಳೆದುಕೊಳ್ಳುವಂತಿರಲಿಲ್ಲ.

“ಗಂಟಿ ಆತಲ್ಲವ್ವ,” ಎಂದೆ.

“ಆಗ್ಲಿ. ಶಿವ ಕಾಯ್ತಾನ, ಇದು ಕಾಯೂದಿಲ್ಲ. ಬೆರಳಿಟ್ಟು ನೋಡ್ರಿ, ಅಂಟತೈತಿ. ಅಂಟೂದರಾಗ ಹಾಕಬೇಕ್ರಿ. ನಿಮ್ಮ ತಮ್ಮಾರು ಉಣ್ಣಾಕ ಕುಂತಾಗ ನಾ ಕರದ್ರೂ ಕೈ ತೊಳಿತಿದ್ದಿಲ್ಲ ಈ ಹೊತ್ತಿನ್ಯಾಗ.”

“ನಲವತ್ತು ವರ್ಷ ತಪ್ಪಿಸಿಲ್ಲ ನಾ.”

“ನಾನೂ ಮೂವತ್ತೊಂದು ವರ್ಷ ನಿಮ್ಮ ಮುಂದ ಬಾಯಿ ತಗದಿದ್ದಿಲ್ಲ. ಹಾಕ್ರಿ.”

ಬೆರಳಿಟ್ಟೆ. ಅಂಟಿತು, ಎಳೆದರೆ ಎಳೆಯಾಗಿ ಬಂತು. ಕೂತೆ. ಅವಳು ಬುಟ್ಟಿಯಿಂದ ಗಾರೆ ಸುರಿದಳು, ನಾನು ಕರಣೆಯಿಂದ ಮೂಲೆಮೂಲೆಗೆ ಒತ್ತಿದೆ. ಒತ್ತುವಾಗ ಬಾಯಿ ಪಂಚಾಕ್ಷರಿ ಹೇಳುತ್ತಿತ್ತು, ನಾನು ಹೇಳಿಸಲಿಲ್ಲ. ಎದುರಿಗೆ ತಮ್ಮ ಕೂರುತ್ತಿದ್ದ ಜಾಗದಲ್ಲಿ ಅವಳು ಕೂತಿದ್ದಳು, “ಅಲ್ಲಿ ಗಾಳಿ ಉಳದೈತ್ರಿ, ಇನ್ನಷ್ಟು ಒತ್ರಿ,” ಎನ್ನುತ್ತಿದ್ದಳು. ಅವನದೇ ಮಾತು, ಅವನದೇ ಅವಸರ. ಕಣ್ಣೀರು ಹಸಿಗಾರೆಯ ಮೇಲೆ ಬೀಳದಿರಲಿ ಎಂದು ಮುಖವನ್ನು ತೋಳಿಗೆ ಒರೆಸಿಕೊಂಡೆ. ಕೊನೆಯ ಸಲ ಕರಣೆ ಎಳೆದಾಗ ಹೊತ್ತು ಇನ್ನೂ ಇಡಿಯಾಗಿ ಮುಳುಗಿರಲಿಲ್ಲ. ಆ ಸಂಜೆ ನನ್ನ ಲಿಂಗಕ್ಕೆ ನೀರು ಬೀಳಲಿಲ್ಲ. ತಪ್ಪೋ ಸರಿಯೋ, ಅದನ್ನು ಶಿವನೇ ಬಲ್ಲ.

ಮರುದಿನ ಒದ್ದೆ ಗೋಣಿಚೀಲ ಹೊದಿಸಿದೆವು. ಅದರ ಮರುದಿನ ನಾನು ಕೊಡ ತಂದರೆ ಅವಳು ಚೀಲ ಎತ್ತಿ ಪಕ್ಕಕ್ಕೆ ಎಸೆದಿದ್ದಳು. ಗೌಂಡಿಯಾಗಿ ನಾನು ಕಲಿತದ್ದು ಹದಿನಾಲ್ಕು ದಿನ ನೀರು. “ಒಂದ ದಿನ ನೀರು, ಆಮ್ಯಾಲ ಗಾಳಿ,” ಎಂದಳು. “ಹಾಲು ಒಳಗ ಹೆಪ್ಪಾಗಬೇಕಲ್ರಿ. ದಿನಾ ಮೈ ತೊಳದ್ರ ಎಲ್ಲಿ ಆಗತೈತಿ?” ನನ್ನ ಕೈ ಸುಮ್ಮನಿರುವುದಿಲ್ಲ ಎಂದು ಗೊತ್ತಿದ್ದು, ಚಂಬನ್ನೆಲ್ಲ ಅಟ್ಟದ ಮೇಲಿಟ್ಟಳು. ಇಪ್ಪತ್ತು ದಿನ ನಾನು ಆ ಪಟ್ಟಿಯ ಪಕ್ಕದಲ್ಲಿ ಚಾಪೆ ಹಾಕಿ ಕೂತೆ. ಕುಟ್ಟಿ ನೋಡಲು ಧೈರ್ಯವಾಗಲಿಲ್ಲ.

ಮೂವತ್ತನೆಯ ದಿನ ಹುಸೇನಸಾಬರು ಬಂದರು. ಆಳು ಎಮ್ಮೆಯಂತಿದ್ದಾರೆ, ಮಾತು ಮಾತ್ರ ಹಗುರ. ಹಿಂದಿನ ದಿನವೇ ಬಂದು ಪಟ್ಟಿಯ ಎರಡು ತುಟಿಯ ಮೇಲೂ ಬಟ್ಟಲಿನಗಲದ ಒಂದೊಂದು ಕಬ್ಬಿಣದ ಬಿಲ್ಲೆ ಅಂಟಿಸಿ, ಸುತ್ತಲೂ ಹಳೆಯ ಹಾಸು ಮುಟ್ಟುವವರೆಗೆ ಗಾರೆಯನ್ನು ಕೊರೆದು ಹೋಗಿದ್ದರು. ಈಗ ಬಿಲ್ಲೆಗೆ ಸರಪಳಿ ಸಿಕ್ಕಿಸಿ, ಸರಪಳಿಯನ್ನು ದಿಮ್ಮಿಯ ಮೇಲೆ ಆನಿಸಿದ ಸನ್ನೆಕೋಲಿನ ತುದಿಗೆ ಕಟ್ಟಿ, ಇನ್ನೊಂದು ತುದಿಗೆ ತೂಗುಹಲಗೆ ಇಳಿಬಿಟ್ಟರು. ಓಣಿಯವರು ಬಾಗಿಲ ತುಂಬ ನಿಂತರು. ಬಾಳವ್ವ ಎಲ್ಲರಿಗಿಂತ ಮುಂದೆ.

ಮೊದಲು ನನ್ನ ಕಡೆ. ಒಂದು ಕಲ್ಲು ಇಟ್ಟರು, ಎರಡು, ಮೂರು. ನಾಲ್ಕನೆಯದಕ್ಕೆ ಚಟ್ಟೆಂದು ಸನ್ನೆಕೋಲು ಮೇಲೆದ್ದಿತು. ಬಾಳವ್ವ, “ಹೋತು,” ಅಂದಳು.

ಹುಸೇನಸಾಬರು ಕಿತ್ತು ಬಂದ ತುಂಡನ್ನು ತಿರುಗಿಸಿ ಬೆಳಕಿಗೆ ಹಿಡಿದರು. ಮೇಲೆ ಬಿಲ್ಲೆ, ಅದರ ಕೆಳಗೆ ನಮ್ಮ ಗಾರೆ, ಅದರ ಕೆಳಗೆ ಎರಡು ಬೆರಳು ದಪ್ಪ ಬೂದುಬಣ್ಣದ ಹಳೆಯ ಕಾಂಕ್ರೀಟು, ಜಲ್ಲಿಯ ಸಮೇತ.

“ಗಾರಿ ಬಿಟ್ಟಿಲ್ರಿ,” ಎಂದರು. “ನಿಮ್ಮ ಹಾಸು ಹರದೈತಿ. ಇಪ್ಪತ್ತರ ವಯಸ್ಸಿನ್ಯಾಗ ನೀರು ಭಾಳ ಹಾಕಿ ಕಲಸಿದ್ರೇನು ಅಡಿವೆಪ್ಪಣ್ಣ? ನಾಕು ಕಲ್ಲಿಗೆ ಹರಿತದ ಅಂದ್ರ ನಾಚಿಗ್ಗೇಡು. ಆದ್ರ ನಾ ಕೇಳೂದು ಎಷ್ಟಕ್ಕ ಹರೀತು ಅಂತಲ್ಲ, ಎಲ್ಲಿ ಹರೀತು ಅಂತ. ಬೆಸುಗಿ ಉಳದೈತಿ.”

ಓಣಿಯವರು ನಕ್ಕರು. ನನಗೆ ನಾಚಿಕೆಯಾಗಲಿಲ್ಲ. ಆ ತುಂಡಿನಲ್ಲಿ ಹಳೆಯದು ಎಲ್ಲಿ ಮುಗಿದು ಹೊಸದು ಎಲ್ಲಿ ಶುರುವಾಗಿದೆ ಎಂದು ಉಗುರಿನಿಂದ ತಡವಿ ನೋಡಿದೆ, ಸಿಗಲಿಲ್ಲ.

ಆಮೇಲೆ ಮೂಡಣ ಕಡೆ, ಮುರಿಗೆಪ್ಪನ ಪಟ್ಟಿಯ ಮೇಲಿನ ತುಟಿ. ಅಲ್ಲಿ ಗಾರೆ ಹತ್ತಬೇಕಾದದ್ದು ಅವನ ಗಾರೆಗೆ. ಒಂದು ಕಡೆ ಸೋತರೂ ಮನೆ ಎರಡೇ. ಸಾವಂತ್ರವ್ವ ಬಂದು ನನ್ನ ಪಕ್ಕದಲ್ಲಿ ನಿಂತಳು. ನಾಲ್ಕು ಕಲ್ಲು. ಆರು. ಎಂಟಕ್ಕೆ ಸನ್ನೆಕೋಲು ಕಿರುಗುಟ್ಟಿತು, ಅವಳು ಹಲ್ಲು ಕಚ್ಚಿದ್ದು ನನಗೆ ಕೇಳಿಸಿತು. ಹತ್ತು. ಹನ್ನೆರಡಕ್ಕೆ ತಂದ ಕಲ್ಲು ಮುಗಿದವು. ಬಿಲ್ಲೆ ಕೂದಲೆಳೆಯಷ್ಟೂ ಏಳಲಿಲ್ಲ.

“ಬೀಸೂಕಲ್ಲು ತರ್ರಿ,” ಎಂದರು ಹುಸೇನಸಾಬರು. ಬಾಳವ್ವನೇ ತನ್ನ ಮನೆಯ ಬೀಸುಕಲ್ಲಿನ ಮೇಲಿನ ಹೋಳು ಹೊತ್ತು ತಂದಳು. ಅದನ್ನೂ ಇಟ್ಟರು. ಏನೂ ಆಗಲಿಲ್ಲ. ಅವರಿಗೆ ಹಟ ಹತ್ತಿತು. ರುಮಾಲು ಬಿಚ್ಚಿ ಪಕ್ಕಕ್ಕಿಟ್ಟು, ಕಲ್ಲುಗಳ ನಡುವೆ ಜಾಗ ಮಾಡಿಕೊಂಡು, ತೂಗುಹಲಗೆಯ ಮೇಲೆ ತಾವೇ ಕೂತುಬಿಟ್ಟರು. ಸನ್ನೆಕೋಲು ಬಿಲ್ಲಿನಂತೆ ಬಾಗಿತು. ಹಲಗೆ ಇಳಿದು, ನೆಲ ಒಂದು ಗೇಣು ಇರುವಾಗ ನಿಂತಿತು. ಹುಸೇನಸಾಬರು ಅದರ ಮೇಲೆ ಮೆಲ್ಲಗೆ ತೂಗಾಡುತ್ತ, ಎರಡು ಕಾಲನ್ನೂ ಮೇಲೆತ್ತಿಕೊಂಡು, ಬಿಲ್ಲೆಯನ್ನೇ ನೋಡುತ್ತ ಬಹಳ ಹೊತ್ತು ಇದ್ದರು.

“ಇಳಸ್ರಪಾ ನನ್ನ,” ಎಂದು ಕಡೆಗೆ ಅವರು ಕೈ ಚಾಚಿದರು. “ಮುರಿಗೆಪ್ಪ ಬಿಡಾಂವಲ್ಲ.”

ನಾನು ಒಂದು ಕೈ ಹಿಡಿದೆ, ಇನ್ನೊಂದನ್ನು ಸಾವಂತ್ರವ್ವ ಹಿಡಿದಳು.